ಒಬ್ಬ ಆರೋಗ್ಯ ಸ್ವಯಂಸೇವಕಿಗೆ ಎಷ್ಟು ಮನೆ ಕೊಡಬಹುದು? ವಾರಕ್ಕೆ 10 ಗಂಟೆಯ ಲೆಕ್ಕ

ಕಾಲುದಾರಿ ಕೇಳಿದ್ದು:

ರಸ್ತೆ ಇಲ್ಲದ, ಮನೆಗಳು ಚದುರಿಹೋಗಿರುವ ಕಡೆ ಸಮುದಾಯ ಆರೋಗ್ಯ ಸ್ವಯಂಸೇವಕಿಯರಿಗೆ ಕೆಲಸ ಹಂಚುವ ಲೆಕ್ಕ ಬೇಕಾಗಿದೆ. ಸೇರಿಸಿಕೊಳ್ಳುವಾಗ ಹೇಳಿದ್ದು ವಾರಕ್ಕೆ 10 ಗಂಟೆ, ಸಂಬಳವಿಲ್ಲ. ಒಬ್ಬೊಬ್ಬರಿಗೆ 100 ಮನೆ, ಮನೆಗೆ ಸುಮಾರು 5 ಜನ. ಆರೋಗ್ಯ ಕೇಂದ್ರಕ್ಕೆ ಒಂದೂವರೆ ಗಂಟೆ ನಡಿಗೆ. ಕೆಲಸ ಮೂರು ಥರದ್ದು: ಗರ್ಭಿಣಿ-ಬಾಣಂತಿಯರ ಮನೆ ಭೇಟಿ, ಐದು ವರ್ಷದೊಳಗಿನ ಮಕ್ಕಳ ಜ್ವರ, ಕೆಮ್ಮು, ಭೇದಿಗೆ ಊರಲ್ಲೇ ಚಿಕಿತ್ಸೆ, ಮತ್ತೆ ಮೂರು ತಿಂಗಳಿಗೊಮ್ಮೆ ಎಲ್ಲಾ ಮನೆಗೂ ಒಂದು ಸುತ್ತು.

500 ಜನಕ್ಕೆ ಒಬ್ಬರು ಇದ್ದಾರೆ, ಬೇರೆ ಕಡೆ 1000ಕ್ಕೆ ಒಬ್ಬರು, ಹಾಗಾಗಿ ಹೊರೆ ಹಗುರವೇ ಅನ್ನೋದು ಮೇಲಿನವರ ವಾದ. ಆದರೆ ಎರಡನೇ ವರ್ಷಕ್ಕೆ ಬಿಟ್ಟುಹೋಗುವವರು ಹೆಚ್ಚಾಗ್ತಾರೆ, ಉಳಿದವರ ರಿಜಿಸ್ಟರಿನಲ್ಲಿ ಭೇಟಿಗಳು ಅರ್ಧಕ್ಕೆ ಬಂದಿರುತ್ತವೆ. ಹೊರೆ ಜಾಸ್ತಿ ಅನ್ನೋದನ್ನ ಅಂಕಿಯಲ್ಲಿ ತೋರಿಸುವ ಕ್ರಮ ಯಾವುದು?

---

ಗಂಟೆಲೆಕ್ಕ:

ಜನಸಂಖ್ಯೆಗೆ ಇಷ್ಟು ಮಂದಿ ಅನ್ನುವ ಅನುಪಾತ ಹೊರೆಯ ಅಳತೆ ಅಲ್ಲವೇ ಅಲ್ಲ. ಬಜೆಟ್ ಹಾಕುವವರಿಗೆ ಅನುಕೂಲವಾದ ಅಂಕಿ, ಅಷ್ಟೇ. ಭಾರತದಲ್ಲಿ 2005ರಲ್ಲಿ ಶುರುವಾದ ಆಶಾ ವ್ಯವಸ್ಥೆಯಲ್ಲಿ 1000ಕ್ಕೆ ಒಬ್ಬರು ಅನ್ನೋದು ನಿಜ. ಆದರೆ ಗುಡ್ಡಗಾಡು, ಬುಡಕಟ್ಟು, ಮರುಭೂಮಿ ಪ್ರದೇಶಗಳಲ್ಲಿ ಒಂದು ಜನವಸತಿಗೆ ಒಬ್ಬರಂತೆ ಸಡಿಲಿಸಬಹುದು ಅಂತಲೂ ಅದೇ ನಿಯಮದಲ್ಲಿದೆ. ಆ ಸಾಲನ್ನು ಸಭೆಯಲ್ಲಿ ಯಾರೂ ಓದುವುದಿಲ್ಲ. ಪಾಕಿಸ್ತಾನದ ಲೇಡಿ ಹೆಲ್ತ್ ವರ್ಕರ್ ಕಾರ್ಯಕ್ರಮದಲ್ಲೂ (1994) ಹೆಚ್ಚುಕಮ್ಮಿ 1000 ಜನ, ಆದರೆ ಅವರಿಗೆ ತಿಂಗಳ ಸಂಬಳ ಉಂಟು. ಸಂಬಳವಿಲ್ಲದ 10 ಗಂಟೆಯವಳನ್ನು ಅವರ ಪಕ್ಕ ನಿಲ್ಲಿಸಿ ಹೋಲಿಸೋದೇ ತಪ್ಪು.

ಲೆಕ್ಕಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಐಎಸ್ಎನ್ (ಕೆಲಸದ ಹೊರೆ ನೋಡಿ ಎಷ್ಟು ಸಿಬ್ಬಂದಿ ಬೇಕು ಅಂತ ಹೇಳುವ) ವಿಧಾನದ ತಿರುಳು ಸಾಕು: ವರ್ಷಕ್ಕೆ ಕೈಯಲ್ಲಿರುವ ಗಂಟೆ ಎಷ್ಟು, ಅದರಲ್ಲಿ ಸೇವೆಯಲ್ಲದ ಕೆಲಸಕ್ಕೆ ಹೋಗೋದು ಎಷ್ಟು, ಉಳಿದದ್ದರಲ್ಲಿ ಎಷ್ಟು ಸೇವೆ ಹಿಡಿಯುತ್ತೆ. ನಿಮ್ಮ ಅಂಕಿ ಇಟ್ಟುಕೊಂಡೇ ಹಾಕೋಣ. ಉಳಿದ ಅಂಕಿಗಳು ಉದಾಹರಣೆಗೆ ಹಿಡಿದವು, ನೀವು ಅಳೆದು ಬದಲಾಯಿಸಿಕೊಳ್ಳಿ.

ವರ್ಷಕ್ಕೆ 52 ವಾರ. ಬಿತ್ತನೆ-ಕೊಯ್ಲಿನ 6 ವಾರ, ಕಾಯಿಲೆ-ಮನೆಗೆಲಸದ 2 ವಾರ ತೆಗೆದರೆ 44 ವಾರ, ಅಂದರೆ 440 ಗಂಟೆ. ತಿಂಗಳ ಸಭೆಗೆ ಹೋಗಿಬರುವ ನಡಿಗೆಯೇ 3 ಗಂಟೆ, ಸಭೆ 2 ಗಂಟೆ, 12 ತಿಂಗಳಿಗೆ 60. ಮರುತರಬೇತಿ 4 ದಿನ, ದಿನಕ್ಕೆ 7 ಗಂಟೆಯಂತೆ 28. ತಿಂಗಳ ಕೊನೆಯ ವರದಿ, ರಿಜಿಸ್ಟರ್ ಕೂಡಿಸೋದು ತಿಂಗಳಿಗೆ 3 ಗಂಟೆ, ಒಟ್ಟು 36. ವರ್ಷಕ್ಕೆ ಎರಡು ಅಭಿಯಾನ, ಒಂದೊಂದಕ್ಕೂ 4 ದಿನ, ದಿನಕ್ಕೆ 6 ಗಂಟೆ, 48. ಎಲ್ಲ ಸೇರಿ 172. ಅಂದರೆ ಒಂದು ಮನೆಯ ಬಾಗಿಲೂ ತಟ್ಟುವ ಮೊದಲೇ 440ರಲ್ಲಿ 39% ಹೋಯಿತು. ಉಳಿದದ್ದು 268.

ಈಗ ಕೆಲಸದ ಕಡೆ ಬನ್ನಿ. 500 ಜನರಲ್ಲಿ ವರ್ಷಕ್ಕೆ 12 ಹೆರಿಗೆ ಹಿಡಿಯಿರಿ. ಹೆರಿಗೆಗೆ ಮುಂಚೆ 4, ಆಮೇಲೆ 4, ಒಟ್ಟು 96 ಭೇಟಿ. ಮಾತಾಡಿ ನೋಡಿ ಬರೆಯಲು 35 ನಿಮಿಷ, ಹೋಗಿಬರಲು 40 ನಿಮಿಷ: 120 ಗಂಟೆ. ಐದು ವರ್ಷದೊಳಗಿನ ಮಕ್ಕಳು ಸುಮಾರು 65, ಒಂದೊಂದು ಮಗು ವರ್ಷಕ್ಕೆ ಎರಡು ಸಲ ಅವಳ ಹತ್ತಿರ ಬಂದರೂ 130 ಸಲ. ಮೊದಲ ದಿನ ತಾಯಿಯೇ ಕರೆತಂದರೆ ನಡಿಗೆ ಇಲ್ಲ, 40 ನಿಮಿಷ. ಮೂರನೇ ದಿನದ ಮರುಭೇಟಿ 15 ನಿಮಿಷ, ಅದಕ್ಕೆ ನಡಿಗೆ 40. ಒಟ್ಟು 95 ನಿಮಿಷ ಗುಣಿಸು 130, ಸುಮಾರು 206 ಗಂಟೆ. ಮೂರು ತಿಂಗಳ ಸುತ್ತಿನಲ್ಲಿ 400 ಭೇಟಿ, ಮನೆಯಲ್ಲಿ 15 ನಿಮಿಷ, ಮನೆಯಿಂದ ಮನೆಗೆ 10: ಸುಮಾರು 167 ಗಂಟೆ.

120, 206, 167 ಕೂಡಿ 493. ಇರೋದು 268. ಅಂದರೆ ಹೇಳಿದ 10 ಗಂಟೆಯಲ್ಲಿ ಹಿಡಿಯೋದು 54 ಮನೆ. ಉಳಿದ 46 ಮನೆಯ ಕೆಲಸ ಒಂದೋ ಅವಳ ನಿದ್ದೆಯಿಂದ ಬರುತ್ತೆ, ಇಲ್ಲ ಬರೀ ರಿಜಿಸ್ಟರಿನಲ್ಲಿ ಆಗುತ್ತೆ. ಭೇಟಿಗಳು ಅರ್ಧಕ್ಕೆ ಇಳಿದವು ಅಂದಿರಲ್ಲ, ಅದು ಸೋಮಾರಿತನ ಅಲ್ಲ, ಭಾಗಾಕಾರ.

ಮಗುವಿಗೆ 40 ನಿಮಿಷ ಯಾಕೆ ಅಂತ ಮೇಲಿನವರು ಕೇಳೇ ಕೇಳ್ತಾರೆ. ಹತ್ತಿರದಿಂದ ನೋಡಿ. ಜ್ವರದ ಮಗು ಅಳ್ತಾ ಬರುತ್ತೆ. ಉಸಿರು ಎಣಿಸಬೇಕಾದರೆ ಮಗು ಸುಮ್ಮನಾಗಬೇಕು, ತಾಯಿ ಹಾಲು ಕುಡಿಸಿ ಸಮಾಧಾನ ಮಾಡುವವರೆಗೆ ಕಾಯಬೇಕು, ಆಮೇಲೆ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ನಡುವೆ ಅತ್ತರೆ ಮತ್ತೆ ಮೊದಲಿನಿಂದ. ಮಲೇರಿಯಾ ಆರ್‌ಡಿಟಿಗೆ (ಕಿಟ್‌ನಲ್ಲಿ ಅಲ್ಲೇ ಮಾಡುವ ತ್ವರಿತ ರಕ್ತಪರೀಕ್ಷೆ) ಬೆರಳು ಚುಚ್ಚಿ ಹನಿ ಹಾಕಿದ ಮೇಲೆ ಕಿಟ್‌ ಪ್ರಕಾರ 15 ಅಥವಾ 20 ನಿಮಿಷ ಕಾಯದೆ ಓದುವಂತಿಲ್ಲ. ಆ ಹೊತ್ತಿನಲ್ಲಿ ತೋಳಿಗೆ ಪಟ್ಟಿ ಸುತ್ತಿ ಅಪೌಷ್ಟಿಕತೆ ಇದೆಯಾ ನೋಡಬಹುದು, ಸುತ್ತಳತೆ 115 ಮಿಲಿಮೀಟರಿಗಿಂತ ಕೆಳಗಿದ್ದರೆ ಕೇಂದ್ರಕ್ಕೆ ಕಳಿಸುವ ಚೀಟಿ ಬೇರೆ ಬರೀಬೇಕು. ಮಾತ್ರೆ ಕರಗಿಸಿ ಮೊದಲ ಡೋಸ್ ಎದುರಿಗೇ ಕುಡಿಸಬೇಕು, ಉಳಿದದ್ದು ಹೇಗೆ ಕೊಡಬೇಕು ಅಂತ ತಾಯಿ ಬಾಯಲ್ಲೇ ಮತ್ತೆ ಹೇಳಿಸಬೇಕು. 40 ನಿಮಿಷ ಬಿಗಿಯಾಗಿ ಹಿಡಿದ ಅಂಕಿ.

---

ಏರುಹಾದಿ:

ಲೆಕ್ಕ ಸರಿ, ಆದರೆ "ಹೋಗಿಬರಲು 40 ನಿಮಿಷ" ಅನ್ನೋ ಸರಾಸರಿ ಒಳಗೇ ಅರ್ಧ ಸಮಸ್ಯೆ ಅಡಗಿ ಕೂತಿದೆ. ಮನೆಗಳನ್ನ ಮೂರು ಗುಂಪು ಮಾಡಿ ನೋಡಿ. ಊರ ನಡುವಿನ 60 ಮನೆಗೆ ಹೋಗಿಬರಲು 20 ನಿಮಿಷ, ಆಚೆ ಬದಿಯ 25 ಮನೆಗೆ 60 ನಿಮಿಷ, ಮೇಲಿನ 15 ಮನೆಗೆ 150 ನಿಮಿಷ ಅಂತಿಟ್ಟುಕೊಳ್ಳಿ. ಸರಾಸರಿ ಸುಮಾರು 50 ನಿಮಿಷ ಬರುತ್ತೆ, ನೋಡೋಕೆ ಭಯಂಕರ ಅನ್ನಿಸಲ್ಲ. ಆದರೆ ಆ 15 ಮನೆಯೇ ಒಟ್ಟು ನಡಿಗೆಯ 45% ತಿಂತವೆ! ಸುಸ್ತಾದವಳು ಮೊದಲು ಬಿಡೋದೂ ಅವನ್ನೇ. ಹೆರಿಗೆ ಮನೆಯಲ್ಲೇ ಆಗೋದು, ಮಗು ತೀರಾ ಕೆಟ್ಟ ಮೇಲೆ ಕೆಳಗೆ ಬರೋದು ಕೂಡ ಆ ಮನೆಗಳಿಂದಲೇ. ಸರಾಸರಿ ವ್ಯಾಪ್ತಿ 85% ಅಂತ ತೋರಿಸ್ತಾ ಇರುತ್ತೆ, ಬಿಟ್ಟುಹೋದ 15% ಯಾವುದು ಅಂತ ಯಾರೂ ಕೇಳಲ್ಲ.

ನಕ್ಷೆ ಮೇಲೆ ಗೆರೆ ಎಳೆದು ದೂರ ಅಳೀಬೇಡಿ. ನೇರ 2 ಕಿಲೋಮೀಟರ್ ಅನ್ನೋದು ದಾರಿಯಲ್ಲಿ 4 ಆಗಬಹುದು. ಬೆಟ್ಟ ಹತ್ತೋರು ಬಳಸೋ ನೇಸ್ಮಿತ್ ನಿಯಮ ಅಂತ ಹಳೇದೊಂದಿದೆ: ಗಂಟೆಗೆ 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಸೇರಿಸಿ. 4 ಕಿಲೋಮೀಟರ್ ದಾರಿ, 300 ಮೀಟರ್ ಏರು ಅಂದರೆ 48 ಮತ್ತು 30, ಒಟ್ಟು 78 ನಿಮಿಷ. ನಕ್ಷೆ ನೋಡಿದವರು ಹೇಳೋದು 24. ಇದೂ ಒಣ ದಾರಿಗೆ, ಖಾಲಿ ಬೆನ್ನಿಗೆ. ಔಷಧ ಚೀಲ, ತೂಕದ ತಕ್ಕಡಿ, ಮೂರು ರಿಜಿಸ್ಟರ್, ಕೆಲವರ ಬೆನ್ನಲ್ಲಿ ಸ್ವಂತ ಮಗು ಇದ್ದಾಗ ಈ ನಿಯಮವೂ ಕೈಕೊಡುತ್ತೆ. ಸರಿಯಾದ ದಾರಿ ಒಂದೇ, ಮೇಲ್ವಿಚಾರಕರು ಗಡಿಯಾರ ಹಿಡಿದು ಅವಳ ಹಿಂದೆ ಒಂದು ಪೂರ್ತಿ ದಿನ ನಡೀಬೇಕು, ಒಣಗಾಲದಲ್ಲಿ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ. ಹಳ್ಳ ತುಂಬಿದಾಗ ಸುತ್ತಿ ಹೋಗೋ ದಾರಿಯನ್ನೂ ಬರೆದುಕೊಳ್ಳಿ.

ವ್ಯರ್ಥ ಭೇಟಿ ಯಾವ ನಮೂನೆಯಲ್ಲೂ ಇರಲ್ಲ. ಹೋದಾಗ ಬೀಗ, ಎಲ್ಲಾ ಹೊಲದಲ್ಲಿ. ರಿಜಿಸ್ಟರಿನಲ್ಲಿ ಆ ದಿನ ಖಾಲಿ, ಅಂದರೆ ಕೆಲಸವೇ ಮಾಡಿಲ್ಲ ಅನ್ನೋ ಹಾಗೆ. ಬರೀ "ಬೀ" ಅಂತ ಒಂದಕ್ಷರ ಬರೆಯೋಕೆ ಹೇಳಿ, ಎರಡು ತಿಂಗಳಲ್ಲಿ ಎಷ್ಟನೇ ಒಂದು ಭಾಗ ವ್ಯರ್ಥ ಅಂತ ಗೊತ್ತಾಗುತ್ತೆ. ಹೊತ್ತು ಬದಲಿಸಿದರೆ ಸುಮಾರು ಸರಿಹೋಗುತ್ತೆ, ಆದರೆ ಸಂಜೆ ಹೊತ್ತು ಬೇಕು ಅಂದರೆ ವಾಪಸು ಬರೋದು ಕತ್ತಲಲ್ಲಿ. ಒಬ್ಬಳೇ ಹೋಗೋ ಹೆಂಗಸಿಗೆ ಅದನ್ನ ಯೋಜನೆ ಅಂತ ಬರೆದುಕೊಡೋಕೆ ಆಗಲ್ಲ, ಜೋಡಿ ಬೇಕು.

ಮೇಲಿನ 15 ಮನೆಗೆ ಉತ್ತರ ಅಲ್ಲಿಯವರೇ ಒಬ್ಬರನ್ನ ತಯಾರು ಮಾಡೋದು. 15 ಮನೆಗೊಬ್ಬರು ದಂಡ ಅಂತಾರೆ. ಆ 150 ನಿಮಿಷ ಯಾರ ಲೆಕ್ಕಕ್ಕೆ ಹೋಗ್ತಿದೆ ಅಂತ ಕೇಳಿ ಸಾಕು.

---

ಹದಿನೇಳನೇ ಕಾಲಂ:

ತಿಂಗಳಿಗೆ 3 ಗಂಟೆ ಬರವಣಿಗೆ ಅಂತ ಮೇಲೆ ಹಿಡಿದಿರೋದು ಕಡಿಮೆಯೇ. ಕಾರ್ಯಕ್ರಮಕ್ಕೊಂದು ರಿಜಿಸ್ಟರ್ ಇರುವ ಕಡೆ ಅಷ್ಟರಲ್ಲಿ ಮುಗಿಯೋದಿಲ್ಲ. ಒಂದು ಮಗು ಹುಟ್ಟಿತು ಅನ್ನಿ. ತಾಯಿ ರಿಜಿಸ್ಟರ್, ಜನನ ಪಟ್ಟಿ, ಲಸಿಕೆಯ ಬಾಕಿ ಪಟ್ಟಿ, ತೂಕದ ಪುಸ್ತಕ, ಮನೆಯ ಸಮೀಕ್ಷೆ ಹಾಳೆ, ತಿಂಗಳ ವರದಿ. ಒಂದೇ ಹೆಸರು, ಒಂದೇ ತಾರೀಖು, ಆರು ಕಡೆ. ಮೇಲಿಂದ ಆ್ಯಪ್ ಬಂದರೆ ಏಳು, ಯಾಕೆಂದರೆ "ಆ್ಯಪ್ ಸ್ಥಿರವಾಗುವವರೆಗೆ" ಕಾಗದ ನಿಲ್ಲಿಸುವಂತಿಲ್ಲ, ಆ್ಯಪ್ ಸ್ಥಿರವಾಗುವುದೂ ಇಲ್ಲ.

ಮಾಡಬೇಕಾದ್ದು ಇಷ್ಟು. ಎಲ್ಲಾ ರಿಜಿಸ್ಟರುಗಳನ್ನು ಒಂದು ಮೇಜಿನ ಮೇಲೆ ಬಿಡಿಸಿಡಿ. ಕಾಲಂಗಳನ್ನು ಒಂದೊಂದಾಗಿ ಬರೆದು ಎದುರಿಗೆ ಎರಡು ಪ್ರಶ್ನೆ ಹಾಕಿ: ಇದನ್ನು ನೋಡಿ ಅವಳು ಏನಾದರೂ ಮಾಡುತ್ತಾಳಾ? ಕಳೆದ ಆರು ತಿಂಗಳಲ್ಲಿ ಮೇಲೆ ಯಾರಾದರೂ ಇದನ್ನು ಬಳಸಿ ಏನಾದರೂ ನಿರ್ಧರಿಸಿದರಾ? ಎರಡಕ್ಕೂ ಇಲ್ಲ ಅಂದರೆ ಹೊಡೆದು ಹಾಕಿ. ಉಳಿದದ್ದನ್ನು ಮನೆಗೊಂದು ಪುಟ ಇರುವ ಒಂದೇ ಪುಸ್ತಕಕ್ಕೆ ತನ್ನಿ, ತಿಂಗಳ ವರದಿಯನ್ನು ಗೆರೆ ಹಾಕಿ ಎಣಿಸುವ ಒಂದೇ ಹಾಳೆಗೆ. ಕೂಡಿಸುವ ಕೆಲಸ ಮೇಲ್ವಿಚಾರಕರದು, ಅವರಿಗೆ ಸಂಬಳ ಇದೆ.

ಹೊರೆ ಜಾಸ್ತಿಯಾದಾಗ ದಾಖಲೆ ಕೆಡುವ ರೀತಿಗೂ ಒಂದು ಲಕ್ಷಣ ಇದೆ, ಹಿಡಿಯೋದು ಸುಲಭ. ಉಸಿರಿನ ಎಣಿಕೆಯ ಕಾಲಂ ನೋಡಿ. ಅಂಕಿಗಳೆಲ್ಲ ಸಮಸಂಖ್ಯೆ ಆಗಿದ್ದರೆ 30 ಸೆಕೆಂಡ್ ಎಣಿಸಿ ದುಪ್ಪಟ್ಟು ಮಾಡಿದ್ದಾರೆ. ಎಲ್ಲವೂ 4ರಿಂದ ಭಾಗವಾದರೆ 15 ಸೆಕೆಂಡ್. ಎಲ್ಲವೂ ಸೊನ್ನೆಯಲ್ಲಿ ಮುಗಿದರೆ ಎಣಿಸಿಯೇ ಇಲ್ಲ. ಇದರಿಂದಾಗುವ ಕೆಡುಕು ಸಣ್ಣದಲ್ಲ. 2ರಿಂದ 11 ತಿಂಗಳ ಮಗುವಿಗೆ ನಿಮಿಷಕ್ಕೆ 50 ಮುಟ್ಟಿದರೆ ವೇಗದ ಉಸಿರು, 12ರಿಂದ 59 ತಿಂಗಳಿಗೆ 40. 15 ಸೆಕೆಂಡಿನಲ್ಲಿ 12 ಎಣಿಸಿದರೆ 48, ಮಗು ಸರಿ ಇದೆ. 13 ಅಂದರೆ 52, ನ್ಯುಮೋನಿಯಾ ಅಂತ ಔಷಧ. ಒಂದೇ ಉಸಿರಿನ ತಪ್ಪು ನಾಲ್ಕಾಗಿ ಗೆರೆ ದಾಟಿಬಿಡುತ್ತೆ. ಇದನ್ನು ಕಂಡ ತಕ್ಷಣ ಮರುತರಬೇತಿ ಅಂತ ಇನ್ನೆರಡು ದಿನ ಹೇರುವುದು ರೂಢಿ. ಅವಳಿಗೆ ಎಣಿಸಲು ಗೊತ್ತಿಲ್ಲ ಅಂತಲ್ಲ, ನಿಮಿಷ ಇಲ್ಲ.

---

ಕಾಲುದಾರಿ:

ಬಹಳ ಉಪಕಾರ. 54 ಅನ್ನುವ ಅಂಕಿ ಇಟ್ಟರೆ "ಹಾಗಾದರೆ ಇನ್ನಷ್ಟು ಜನರನ್ನು ಎಲ್ಲಿಂದ ತರೋಣ" ಅಂತ ಮಾತು ಅಲ್ಲಿಗೇ ನಿಲ್ಲುತ್ತೆ. ಜನ ಹೆಚ್ಚಿಸದೆ ಏನನ್ನ ಕತ್ತರಿಸಬಹುದು?

---

ಗಂಟೆಲೆಕ್ಕ:

ಕತ್ತರಿಸಬಾರದ್ದು ಮೊದಲು: ಹೆರಿಗೆಯಾದ ಮೊದಲ ವಾರದ ಭೇಟಿ, ಕಾಯಿಲೆ ಮಗುವಿನ ಮೊದಲ ದಿನ. ಇವೆರಡರಲ್ಲಿ ತಡ ಆದರೆ ಆಮೇಲೆ ಹೋಗಿ ಪ್ರಯೋಜನ ಕಡಿಮೆ. ಬಾಣಂತಿ ಭೇಟಿಗಳಲ್ಲೂ ಎಲ್ಲ ಒಂದೇ ತೂಕದ್ದಲ್ಲ. ಆಶಾ ಕಾರ್ಯಕ್ರಮದಲ್ಲಿ ಆಸ್ಪತ್ರೆ ಹೆರಿಗೆಗೆ 3, 7, 14, 21, 28, 42ನೇ ದಿನ ಅಂತ ಆರು ಭೇಟಿ, ಮನೆ ಹೆರಿಗೆಗೆ ಮೊದಲ ದಿನವೂ ಸೇರಿ ಏಳು. ಅಷ್ಟೂ ಆಗದಿದ್ದರೆ ಮೊದಲ ವಾರದ್ದನ್ನು ಉಳಿಸಿಕೊಂಡು ಕೊನೆಯಿಂದ ಬಿಡುತ್ತಾ ಬನ್ನಿ. ಹೆಚ್ಚಿನ ಕಡೆ ಆಗೋದು ತದ್ವಿರುದ್ಧ, ಹೆರಿಗೆಯ ಸುದ್ದಿ ತಡವಾಗಿ ಬರುವುದರಿಂದ ಮೊದಲ ವಾರವೇ ತಪ್ಪಿ 28ನೇ ದಿನದ್ದು ನೀಟಾಗಿ ಆಗಿರುತ್ತೆ.

ಕತ್ತರಿಸಬಹುದಾದ್ದು ಎಲ್ಲಾ ಮನೆಗೂ ಒಂದೇ ಥರದ ಮೂರು ತಿಂಗಳ ಸುತ್ತು. ಗರ್ಭಿಣಿ ಅಥವಾ ಎರಡು ವರ್ಷದೊಳಗಿನ ಮಗು ಇರುವ ಮನೆ 30 ಅನ್ನಿ. ಅವಕ್ಕೆ ವರ್ಷಕ್ಕೆ 4, ಉಳಿದ 70ಕ್ಕೆ 1. 400 ಭೇಟಿ 190 ಆಯಿತು, 167 ಗಂಟೆ 79ಕ್ಕೆ ಇಳಿಯಿತು. ಎರಡನೆಯದು ಮೂರನೇ ದಿನದ ಮರುಭೇಟಿ. ಹತ್ತಿರದ ಮನೆಯವರು ಮಗುವನ್ನು ವಾಪಸು ಕರೆತರಲಿ, ದೂರದವರಿಗೆ ಮಾತ್ರ ಅವಳು ಹೋಗಲಿ. ಅರ್ಧದಷ್ಟು ಮರುಭೇಟಿಗೆ ನಡಿಗೆ ಉಳಿದರೆ 43 ಗಂಟೆ. ಈಗ ಕೆಲಸ 493ರಿಂದ 362ಕ್ಕೆ ಬಂತು, ಹಿಡಿಯುವ ಮನೆ 74. ಅಭಿಯಾನದ 48 ಗಂಟೆ ಬೇರೆಯವರ ಮೇಲೆ ಹಾಕಿದರೆ 87. ವರದಿ ಅರ್ಧವಾದರೆ 92. ಒಂದು ಗಂಟೆಯೂ ಹೆಚ್ಚಿಸದೆ 54ರಿಂದ 92. ಮೇಲಿನವರಿಗೆ ಈ ನಾಲ್ಕು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ತೋರಿಸಿ, ಪಕ್ಕದಲ್ಲಿ ಅದಕ್ಕಾಗಿ ಯಾರು ಏನು ಬಿಡಬೇಕು ಅಂತಲೂ ಬರೆಯಿರಿ.

92 ಸಿಕ್ಕಿತು ಅಂತ ಕುಣಿಯಬೇಡಿ, ವರ್ಷದ ಸರಾಸರಿ ಮೋಸ ಮಾಡುತ್ತೆ. ಕಾಯಿಲೆ ಮಕ್ಕಳಲ್ಲಿ ಅರ್ಧ ಮಳೆಯ ಮೂರು ತಿಂಗಳಲ್ಲೇ ಬಂದರೆ, ಹಳೆಯ 206 ಗಂಟೆಯಲ್ಲಿ 103 ಆ ಮೂರು ತಿಂಗಳಿಗೆ ಬೀಳುತ್ತೆ, ತಿಂಗಳಿಗೆ 34. ಅವಳ ಕೈಯಲ್ಲಿ ತಿಂಗಳಿಗೆ 43 ಗಂಟೆ, ಸಭೆ-ತರಬೇತಿ-ವರದಿ-ಅಭಿಯಾನದ ಪಾಲು 14 ಹೋದರೆ 29. ಬೇರೆ ಏನೂ ಮಾಡದಿದ್ದರೂ ಸಾಲದು, ಬಿತ್ತನೆಯೂ ಅದೇ ಹೊತ್ತಿಗೆ. ಆದ್ದರಿಂದ ಆ ಮೂರು ತಿಂಗಳು ಸುತ್ತು ಬೇಡ, ತರಬೇತಿ ಬೇಡ, ಅಭಿಯಾನ ಬೇಡ ಅಂತ ಕ್ಯಾಲೆಂಡರಿನಲ್ಲೇ ಬರೆದಿಡಿ.

---

ಪುಕ್ಕಟೆಯಲ್ಲ:

ಎಲ್ಲರೂ 10 ಗಂಟೆಯನ್ನು ಕಲ್ಲಿನ ಮೇಲೆ ಕೊರೆದ ಹಾಗೆ ಹಿಡಿದು ಲೆಕ್ಕ ಹಾಕುತ್ತಿದ್ದೀರಿ. ಇಷ್ಟು ಕತ್ತರಿಸಿ ಜೋಡಿಸಿ ಕೊನೆಗೆ ಸಾಧಿಸಿದ್ದು ಪುಕ್ಕಟೆ ಕೆಲಸವನ್ನು ಇನ್ನೂ ಚೊಕ್ಕವಾಗಿ ಮಾಡಿಸಿಕೊಳ್ಳುವ ಉಪಾಯ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಮುದಾಯ ಆರೋಗ್ಯ ಕಾರ್ಯಕರ್ತರ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ಕೆಲಸದ ಬೇಡಿಕೆ, ಜಟಿಲತೆ, ಗಂಟೆ, ತರಬೇತಿಗೆ ತಕ್ಕ ಸಂಭಾವನೆ ಕೊಡಿ, ಪಾತ್ರ ಮತ್ತು ಷರತ್ತುಗಳನ್ನು ಬರೆದ ಒಪ್ಪಂದ ಮಾಡಿಕೊಳ್ಳಿ ಅನ್ನುತ್ತೆ ಅದು. ಎಷ್ಟು ಜನಕ್ಕೆ ಒಬ್ಬರು ಅನ್ನುವುದನ್ನೂ ಕೆಲಸದ ಪ್ರಮಾಣ, ಭೇಟಿಯ ಆವರ್ತನ, ಒಂದೊಂದು ಸೇವೆಗೆ ಹಿಡಿಯುವ ಸಮಯ, ವಾರದ ಗಂಟೆ, ಭೂಗೋಳ ನೋಡಿ ನಿರ್ಧರಿಸಿ ಅಂತಲೂ ಹೇಳುತ್ತೆ. ಅದನ್ನು ನಿಮ್ಮ ಲೆಕ್ಕದ ಮೊದಲ ಪುಟದಲ್ಲೇ ಹಾಕಿ.

"ಒಂದೊಂದು ಕೆಲಸಕ್ಕೆ ಇಷ್ಟು ಅಂತ ಪ್ರೋತ್ಸಾಹಧನ ಕೊಡೋಣ ಬಿಡಿ" ಅಂತ ಒಬ್ಬರು ಅನ್ನದೆ ಇರುವುದಿಲ್ಲ. ಬರೀ ಅಥವಾ ಬಹುಪಾಲು ಪ್ರೋತ್ಸಾಹಧನದ ಮೇಲೆ ನಿಲ್ಲಿಸಬೇಡಿ ಅನ್ನುವುದೂ ಅದೇ ಮಾರ್ಗಸೂಚಿಯಲ್ಲಿದೆ. ಹಣ ಇರುವ ಕೆಲಸ ಮೊದಲು ಆಗುತ್ತೆ, ಇಲ್ಲದ್ದು ಬೀಳುತ್ತೆ. ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ದರೆ ಹಣ, ಮೂರನೇ ದಿನದ ಮರುಭೇಟಿಗೆ ಇಲ್ಲ ಅಂದಮೇಲೆ ಯಾವುದು ಬೀಳುತ್ತೆ ಅಂತ ಬೇರೆ ಹೇಳಬೇಕಾ? ಅದೂ ಅಲ್ಲದೆ ಆ ಹಣ ಪಡೆಯಲು ಇನ್ನೊಂದು ನಮೂನೆ, ಇನ್ನೊಂದು ಸಹಿ, ಇನ್ನೊಂದು ಸಲ ಒಂದೂವರೆ ಗಂಟೆ ನಡಿಗೆ.

---

ಗಂಟೆಲೆಕ್ಕ:

ಒಪ್ಪಿದೆ, 10ನ್ನು ಹಿಡಿದದ್ದು ಮಾತು ಕೊಟ್ಟದ್ದು ಅಷ್ಟು ಅಂತ ಮಾತ್ರ. ಪೂರ್ತಿ 100 ಮನೆ, ಪೂರ್ತಿ ಕೆಲಸ ಬೇಕು ಅಂದರೆ 493 ಮತ್ತು 172 ಸೇರಿ 665 ಗಂಟೆ, 44 ವಾರಕ್ಕೆ ಭಾಗಿಸಿದರೆ ವಾರಕ್ಕೆ 15 ಗಂಟೆ. ಸಂಬಳದ ಚರ್ಚೆಗೆ ಒಯ್ಯಬೇಕಾದ ಅಂಕಿ ಅದು. ಏರುಹಾದಿ ಹೇಳಿದ ದೂರದ ಮನೆ, ವ್ಯರ್ಥ ಭೇಟಿ, ರಾತ್ರಿ ಬಂದು ಬಾಗಿಲು ಬಡಿಯುವವರು ಇದರಲ್ಲಿ ಇಲ್ಲ.

---

ಚೀಲದ ತಳ:

ಒಂದು ಬಿಟ್ಟುಹೋಗಿದೆ, ಔಷಧ. ಅದು ಖಾಲಿಯಾದರೆ ಹೊರೆ ಕಡಿಮೆ ಆಗಲ್ಲ, ಜಾಸ್ತಿ ಆಗುತ್ತೆ. ಭೇದಿಯ ಮಗುವಿಗೆ ಓಆರ್‌ಎಸ್ 2 ಪ್ಯಾಕೆಟ್, ಆರು ತಿಂಗಳು ಮೇಲ್ಪಟ್ಟದ್ದಕ್ಕೆ 20 ಮಿಲಿಗ್ರಾಂ ಜಿಂಕ್ ದಿನಕ್ಕೊಂದರಂತೆ 10 ಮಾತ್ರೆ. ವರ್ಷಕ್ಕೆ 40 ಭೇದಿ ಅಂತ ಹಿಡಿದು ತಿಂಗಳಿಗೆ 4 ಮಕ್ಕಳಿಗಾಗುವಷ್ಟು ಕೊಟ್ಟು ಕಳಿಸ್ತಾರೆ. ಅದರಲ್ಲಿ 20 ಮೂರೇ ತಿಂಗಳಲ್ಲಿ ಬಂದರೆ ತಿಂಗಳಿಗೆ 7, ಮೂರನೇ ವಾರಕ್ಕೆ ಚೀಲ ಖಾಲಿ. ಆಮೇಲೆ ಮಧ್ಯದಲ್ಲೊಂದು ಸಲ ಕೇಂದ್ರಕ್ಕೆ ನಡಿಗೆ, 3 ಗಂಟೆ, ಸುತ್ತಿನ ಏಳು ಮನೆಗೆ ಸಮ. ಹೋದಾಗ ಅಲ್ಲೂ ಇಲ್ಲ ಅಂದರೆ ಊರಿನ ಮಾತು ಬೇರೆ ಕೇಳಬೇಕು.

ಕೊಡುವಾಗ ವರ್ಷದ ಸರಾಸರಿ ನೋಡಬೇಡಿ. ಹೋದ ವರ್ಷದ ಅದೇ ತಿಂಗಳ ಬಳಕೆ ಎರಡರಿಂದ ಗುಣಿಸಿ, ಕೈಯಲ್ಲಿರೋದನ್ನ ಕಳೆದು ಕೊಡಿ. ಆ ತಿಂಗಳು ಮಧ್ಯೆ ಖಾಲಿಯಾಗಿತ್ತಾದರೆ ಆ ಅಂಕಿ ನಂಬಬೇಡಿ, ಎಷ್ಟು ದಿನ ಔಷಧ ಇತ್ತೋ ಅಷ್ಟು ದಿನದ ಬಳಕೆಯನ್ನ 30 ದಿನಕ್ಕೆ ಹಿಗ್ಗಿಸಿ. ಜಿಂಕ್ ಸ್ಟ್ರಿಪ್ಪನ್ನ ಚೀಲದ ಹೊರ ಜೇಬಲ್ಲಿ ಇಡೋಕೆ ಬಿಡಬೇಡಿ, ಮಳೆಗೆ ಮೊದಲು ಕರಗೋದು ಅವೇ.